ಚದರಡಿಗೆ ಎಷ್ಟು ಬಿತ್ತು?

ಮೇ ತಿಂಗಳಲ್ಲಿ ಮನೆ ಕಟ್ಟಿಸುತ್ತಿರುವವನಿಗೆ ಶಿರಸಿ ಪೇಟೆಗೆ ಕಾಲಿಡಲಿಕ್ಕೇ ಧೈರ್ಯ ಸಾಲುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ, ಸೊಸೈಟಿ ಮೆಟ್ಟಿಲ ಮೇಲೆ ಒಬ್ಬ, ಮದುವೆ ಪಂಕ್ತಿಯಲ್ಲಿ ಎಡಕ್ಕೊಬ್ಬ ಬಲಕ್ಕೊಬ್ಬ. ಎಲ್ಲರೂ ಕೇಳುವುದು ಒಂದೇ: "ಚದರಡಿಗೆ ಎಷ್ಟು ಬಿತ್ತು?" ಎಷ್ಟು ಹೇಳಿದರೂ ಕೇಳಿದವನ ಹುಬ್ಬು ಏರುತ್ತದೆ. "ಹೌದಾ? ನಮ್ಮ ಭಾವಂದು ಅದಕ್ಕಿಂತ ಇನ್ನೂರು ಕಡಿಮೆಗೇ ಮುಗೀತಲ್ಲ ಮಾರಾಯ್ರೆ!" ಆ ಭಾವನ ಮನೆಯ ಮೆಟ್ಟಿಲಿಗೆ ಇನ್ನೂ ರೇಲಿಂಗ್ ಇಲ್ಲ, ಮೇಲಿನ ಬಚ್ಚಲಿಗೆ ಬಾಗಿಲ ಬದಲು ಹಳೇ ಸೀರೆ ಇದೆ ಎಂಬುದನ್ನು ಅವ ಹೇಳುವುದಿಲ್ಲ.

ಚದರಡಿ ದರ ಪೂರ್ತಿ ಸುಳ್ಳೇನಲ್ಲ. ಅರ್ಧ ಮನೆಯ ಮಟ್ಟಿಗೆ ಅದು ಸತ್ಯವೇ. ಪಾಯ, ಗೋಡೆ, ಸ್ಲ್ಯಾಬು, ಗಿಲಾವು, ನೆಲ, ಬಣ್ಣ ಇಷ್ಟು ಅದರ ಒಳಗೆ. ಬಾವಿ, ಪಂಪು, ಸೆಪ್ಟಿಕ್ ಟ್ಯಾಂಕು, ಪಾಗಾರ, ಗೇಟು, ಲಾರಿ ಬರುವಷ್ಟು ದಾರಿ ಎಲ್ಲ ಹೊರಗೆ. ಅದರಲ್ಲೂ ಧರೆ, ಅಂದರೆ ಮನೆ ಹಿಂದೆ ನೆಟ್ಟಗೆ ನಿಲ್ಲುವ ಗುಡ್ಡದ ಬದಿ. ನಮ್ಮ ಜಿಲ್ಲೆಯಲ್ಲಿ ಸಪಾಟು ಜಾಗ ಕಂಡರೆ ಅದು ಯಾರದೋ ಗದ್ದೆ, ಇಲ್ಲವೇ ತೋಟ. ಮನೆಗೆ ಉಳಿಯುವುದು ಗುಡ್ಡದ ಬುಡ. ಜೆಸಿಬಿಯವ ತಾಸಿನ ಲೆಕ್ಕದಲ್ಲಿ ಅರ್ಧ ದಿನಕ್ಕೆ ಧರೆ ಕಡಿದು ಹೋಗುತ್ತಾನೆ. ಅದನ್ನು ತಡೆದು ನಿಲ್ಲಿಸುವ ಗೋಡೆಗೆ ಪಾಯ ಹಾಕಿದಷ್ಟೇ ದುಡ್ಡು ಬೇಕು. ಆ ಗೋಡೆಯಲ್ಲಿ ನೀರು ಹೊರಬರಲು ಪೈಪಿನ ತುಂಡು ಇಡದಿದ್ದರೆ, ಜುಲೈ ಮಳೆಗೆ ಹಿಂದೆ ತುಂಬಿದ ನೀರಿನ ಒತ್ತಡ ತಾಳದೆ ಗೋಡೆಯೂ ಧರೆಯೂ ಸೇರಿ ಅಡುಗೆಮನೆ ನೋಡಲು ಬರುತ್ತವೆ.

ಮಾಡಿನ, ಅಂದರೆ ಛಾವಣಿಯ, ಕತೆ ಇನ್ನೂ ಚಂದ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚು ಮಾಡಲು ಶುರುಮಾಡಿದಂದಿನಿಂದ ಈ ಸೀಮೆಗೆ ಇಳಿಜಾರು ಮಾಡು ಒಂದಿದ್ದರೆ ಸಾಕಿತ್ತು. ಈಗ ಎರಡು ಬೇಕು. ಮೊದಲು ಸಾಲ ಮಾಡಿ ಸ್ಲ್ಯಾಬು, ಎರಡು ಮಳೆಗಾಲಕ್ಕೆ ಅದು ಸೋರಿದ ಮೇಲೆ ಮತ್ತೆ ಸಾಲ ಮಾಡಿ ಅದರ ಮೇಲೆ ಶೀಟು. ಮನೆ ನಲವತ್ತಕ್ಕೆ ಇಪ್ಪತ್ತೈದು ಅಡಿ, ಅಂದರೆ 1,000 ಚದರಡಿ ಎಂದಿಟ್ಟುಕೊಳ್ಳಿ. ಎರಚಲು ತಡೆಯಲು ಸುತ್ತಲೂ ಮೂರು ಅಡಿ ಹೊರಗೆ ಚಾಚಿದರೆ 46ಕ್ಕೆ 31, ಅಂದರೆ 1,426. ಇಪ್ಪತ್ತೈದು ಡಿಗ್ರಿ ಇಳಿಜಾರು ಕೊಟ್ಟರೆ ಸುಮಾರು 1,570. ಸಾವಿರ ಅಡಿಯ ಮನೆಗೆ ಒಂದೂವರೆ ಸಾವಿರಕ್ಕೂ ಮಿಕ್ಕಿದ ಟೊಪ್ಪಿಗೆ! ಅಡಿಕೆ ಒಣಗಿಸಲಿಕ್ಕೆ ಟೆರೇಸು ಬೇಕೆಂದು ಸ್ಲ್ಯಾಬು ಹಾಕಿಸಿದವನೇ ಟೆರೇಸು ನೆನೆಯಬಾರದೆಂದು ಶೀಟು ಹೊದೆಸುತ್ತಾನೆ. ಅಡಿಕೆ ವಾಪಸು ಅಂಗಳಕ್ಕೆ ಇಳಿಯುತ್ತದೆ.

ಮರಳಿನ ವಿಷಯ ಮಾತ್ರ ಸ್ವಲ್ಪ ನಿಧಾನಕ್ಕೇ ಹೇಳಬೇಕು. ಸಿಮೆಂಟಿಗೆ 50 ಕಿಲೋ ಚೀಲವಿದೆ, ಕಬ್ಬಿಣಕ್ಕೆ ತೂಕವಿದೆ. ಮರಳಿಗೆ ಇರುವುದು 'ಲೋಡು'. ಒಂದು ಲೋಡು ಅಂದರೆ ಎಷ್ಟು ಎಂದು ಕೇಳಿ ನೋಡಿ, ಚಾಲಕ ಟಿಪ್ಪರಿನ ಕಡೆ ಕೈ ತೋರಿಸಿ "ಇಷ್ಟು" ಅನ್ನುತ್ತಾನೆ. ಕುಮಟಾದ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಬಂದ ಮರಳು ಅದು. ಘಟ್ಟದಲ್ಲಿ ಮಣ್ಣು ಕುಸಿದಿದ್ದರೆ ಅರಬೈಲು, ಯಲ್ಲಾಪುರ ಸುತ್ತಿಕೊಂಡು ಬಂದದ್ದು. ಆ ಪ್ರಯಾಣದ ಆಯಾಸಕ್ಕೂ ನಾವೇ ದುಡ್ಡು ಕೊಟ್ಟಿರುತ್ತೇವೆ. ಹಾಗಾಗಿ ಅದನ್ನು ಎದುರುಗೊಳ್ಳುವ ಶಾಸ್ತ್ರವೂ ಜೋರು. ಮೇಸ್ತ್ರಿ ಟಿಪ್ಪರಿನ ಗಾಲಿ ಮೇಲೆ ಕಾಲಿಟ್ಟು ಏರುತ್ತಾನೆ. ಒಂದು ಮುಷ್ಟಿ ಮರಳು ತೆಗೆದು ಹಿಂಡುತ್ತಾನೆ. ಮುಷ್ಟಿ ಬಿಚ್ಚಿ ಅಂಗೈ ನೋಡುತ್ತಾನೆ, ಮೂಸುತ್ತಾನೆ, ಒಂದು ಹರಳು ನಾಲಿಗೆಗೂ ಮುಟ್ಟಿಸುತ್ತಾನೆ. ಮಾಲಕ ಉಸಿರು ಹಿಡಿದು ನಿಂತಿರುತ್ತಾನೆ. ಕೊನೆಗೆ ತೀರ್ಪು: "ಚಲೋ ಇದೆ ಹೆಗಡೇರೆ, ಸುರೀಲಿ." ಇಷ್ಟೆಲ್ಲ ಪರೀಕ್ಷೆಯಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆಯೇ ಇಲ್ಲ!

ಟಿಪ್ಪರಿನ ಡಬ್ಬಿ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡೂವರೆ ಅಡಿ ಎತ್ತರ ಇದ್ದರೆ 150 ಘನ ಅಡಿ ಹಿಡಿಯುತ್ತದೆ. ಬಿಲ್ಲಿನಲ್ಲಿ ಬರೆಯುವುದೂ ಅದನ್ನೇ. ಮರಳು ನಡುವೆ ದೇವಸ್ಥಾನದ ಶಿಖರದ ಹಾಗೆ ಎದ್ದು ನಿಂತಿರುತ್ತದೆ, ನಾಲ್ಕು ಮೂಲೆಗಳು ತಗ್ಗು. ಸುರಿಸುವ ಮೊದಲು ಸಲಿಕೆಯಲ್ಲಿ ಸಮ ಮಾಡಿಸಿ ಮೂಲೆಯಲ್ಲಿ ಸರಳು ಇಳಿಸಿ ಅಳೆಯಬೇಕು. ಬರೀ ಮೂರು ಇಂಚು ಕಡಿಮೆ ಬಂದರೂ 15 ಘನ ಅಡಿ ಹೋಯಿತು. ಉಳಿದ 135 ಆದರೂ ಮರಳೇ ಅಂದುಕೊಂಡರೆ ಅದೂ ಅಲ್ಲ. ಮರಳು ಸ್ವಲ್ಪ ಒದ್ದೆಯಾದರೆ ಉಬ್ಬುತ್ತದೆ. ಹರಳಿನ ಸುತ್ತ ನೀರಿನ ಪದರು ಕಟ್ಟಿ ಒಂದನ್ನೊಂದು ದೂರ ತಳ್ಳುತ್ತವೆ. ಐದು ಪರ್ಸೆಂಟ್ ತೇವಕ್ಕೆ ಕಾಲುಭಾಗದಷ್ಟು ಉಬ್ಬಿದರೂ ಉಬ್ಬೀತು. ಆ ಲೆಕ್ಕದಲ್ಲಿ 135ರ ಒಳಗೆ ನಿಜವಾದ ಮರಳು 108.

ನಂಬಿಕೆ ಬಾರದಿದ್ದರೆ ಗಾಜಿನ ಲೋಟಕ್ಕೆ ಒದ್ದೆ ಮರಳನ್ನು ಒತ್ತದೆ ಹತ್ತು ಸೆಂಟಿಮೀಟರ್ ತುಂಬಿ, ನೀರು ಹೊಯ್ದು ಕಲಕಿ ಬಿಡಿ. ಪೂರ್ತಿ ಮುಳುಗಿದ ಮರಳು ಒಣ ಮರಳಿನಷ್ಟೇ ಜಾಗ ಹಿಡಿಯುತ್ತದೆ. ಎಂಟಕ್ಕೆ ಇಳಿದು ಕೂತರೆ ಉಬ್ಬು ಕಾಲುಭಾಗ. ಈ ಪ್ರಯೋಗವನ್ನು ಟಿಪ್ಪರ್ ಚಾಲಕನ ಎದುರು ಮಾಡಬೇಡಿ. ಮುಂದಿನ ಲೋಡು ಬರುವುದಿಲ್ಲ. ಮಳೆ ಹಿಡಿದರೆ ಹೊಳೆಯಿಂದ ಮರಳು ತೆಗೆಯುವುದೇ ನಿಲ್ಲುತ್ತದೆ ಎಂದು ಅವನಿಗೂ ಗೊತ್ತು, ನಿಮಗೂ ಗೊತ್ತು. ಆದ್ದರಿಂದ ಬಜೆಟ್ಟಿನಲ್ಲಿ ಹತ್ತು ಲೋಡು ಎಂದಿದ್ದರೆ ಹದಿನಾಲ್ಕು ಎಂದು ತಿದ್ದಿ ಸುಮ್ಮನಿರುವುದು ಒಳ್ಳೆಯದು.

ಸ್ಲ್ಯಾಬಿನ ದಿನ ಮೇಸ್ತ್ರಿಯ ಗಣಿತ ನೋಡಬೇಕು. ಸಿಮೆಂಟು ಎಷ್ಟು ಬೇಕು ಎಂದರೆ ಕಿವಿಯ ಮೇಲಿನ ಪೆನ್ಸಿಲ್ ಇಳಿಸಿ, ಕಾಗದ ಕೊಟ್ಟರೂ ಮುಟ್ಟದೆ, ಸ್ಲ್ಯಾಬಿನ ಅಡಿಗೆ ಅಚ್ಚಾಗಿ ಕಟ್ಟಿದ ಸೆಂಟ್ರಿಂಗ್ ಪ್ಲೈವುಡ್ ಮೇಲೆಯೇ ಗೀಚುತ್ತಾನೆ. ಸಾವಿರ ಚದರಡಿ ಅಂದರೆ 93 ಚದರ ಮೀಟರ್. ಐದು ಇಂಚು ದಪ್ಪಕ್ಕೆ ಹನ್ನೊಂದೂ ಮುಕ್ಕಾಲು ಘನ ಮೀಟರಿನಷ್ಟು ಕಾಂಕ್ರೀಟು. ಸಿಮೆಂಟು ಒಂದು, ಮರಳು ಒಂದೂವರೆ, ಜಲ್ಲಿ ಮೂರರ ಮಿಶ್ರಣಕ್ಕೆ ಘನ ಮೀಟರಿಗೆ ಎಂಟು ಚೀಲ ಹಿಡಿದರೂ 94 ಚೀಲ ಬೇಕು, ತೊಲೆಗಳದ್ದು ಬೇರೆ. ಮೇಸ್ತ್ರಿಯ ಉತ್ತರ 82. "ಬೇಕಾದಷ್ಟಾಯ್ತು ಭಟ್ರೆ, ಉಳಿದ್ರೆ ವಾಪಸ್ ಕೊಡೂದೇ ತೊಂದ್ರೆ." ಸಂಜೆ ನಾಲ್ಕಕ್ಕೆ, ಒಂದು ಮೂಲೆ ಬಾಕಿ ಇರುವಾಗ, ಮೇಲಿನಿಂದ ಕೂಗು: "ಭಟ್ರೇ, ಇನ್ನೊಂದು ಹತ್ತೇ ಚೀಲ!" ನಾಳೆ ಹಾಕಿದರಾಯಿತು ಅನ್ನುವಂತಿಲ್ಲ. ಗಟ್ಟಿಯಾದ ಕಾಂಕ್ರೀಟಿಗೆ ಹೊಸದು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಆ ಸಂದಿನಲ್ಲೇ ಜೂನ್ ಮಳೆ ಒಳಗೆ ಇಳಿಯುತ್ತದೆ. ಅಂಗಡಿಯವನಿಗೂ ಈ ಹೊತ್ತು ಚೆನ್ನಾಗಿ ಗೊತ್ತು, ಚೌಕಾಶಿಗೆ ಅವಕಾಶವಿಲ್ಲ. ಸೆಂಟ್ರಿಂಗ್ ಬಿಚ್ಚಿದ ದಿನ ಹಾಲ್‌ನ ನಟ್ಟನಡುವೆ ತಲೆ ಎತ್ತಿ ನೋಡಿದರೆ ಮೇಸ್ತ್ರಿಯ ಲೆಕ್ಕ ಉಲ್ಟಾ ಅಚ್ಚಾಗಿ ಕೂತಿರುತ್ತದೆ. ಕನ್ನಡಿ ಹಿಡಿದರೆ ಸ್ಪಷ್ಟವಾಗಿ 82. ಅದನ್ನು ಮುಚ್ಚಲು ಪುಟ್ಟಿ ಬೇಕು. ಪುಟ್ಟಿ ಚದರಡಿ ದರದಲ್ಲಿ ಬರುವುದಿಲ್ಲ.

ಕಾರವಾರ, ಅಂಕೋಲಾದ ಕಡೆ ಇದೇ ಹೊತ್ತಿಗೆ ಇನ್ನೊಂದು ಉಳಿತಾಯ ನಡೆಯುತ್ತದೆ. ಸರಳು ಅಚ್ಚಿಗೆ ತಾಗದಂತೆ ಅದರ ಅಡಿಗೆ ಇಡಬೇಕಾದ ಕವರ್ ಬ್ಲಾಕ್ ಎಂಬ ಪುಟ್ಟ ತುಂಡಿನ ಬದಲು ಜಲ್ಲಿ ಚೂರು. ಕಡಲ ಉಪ್ಪುಗಾಳಿ ಇರುವಲ್ಲಿ ಸರಳಿನ ಹೊರಗೆ 45 ಮಿಲಿಮೀಟರ್ ಕಾಂಕ್ರೀಟು ಇರಬೇಕು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಜಲ್ಲಿ ಚೂರು ಹಾಗೇನೂ ಹೇಳುವುದಿಲ್ಲ. ಸರಳಿಗೆ ತುಕ್ಕು ಹಿಡಿದು ಉಬ್ಬಿ, ಗಿಲಾವಿನ ಹಕ್ಕಳೆ ಒಂದು ದಿನ ಮಧ್ಯಾಹ್ನದ ನಿದ್ದೆಯ ಮೇಲೆ ಬೀಳುತ್ತದೆ. ಒಂದು ಚೀಲ ಕವರ್ ಬ್ಲಾಕು ತರದೆ ಉಳಿಸಿದ ದುಡ್ಡಿನಲ್ಲಿ ಅವತ್ತಿನ ಚಾ ತಿಂಡಿಯೂ ಆಗಿರುವುದಿಲ್ಲ.

ಸಿಮೆಂಟು ಅಗ್ಗವಾಯಿತಲ್ಲ ಎಂದು ಸಮಾಧಾನ ಹೇಳುವವರೂ ಇದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ನಿಜ. 350 ರೂಪಾಯಿಯ ಚೀಲ ಪೂರ್ತಿ ಇಳಿದರೂ 323. ಇಡೀ ಮನೆಗೆ ನಾನೂರು ಚೀಲ ಅಂದರೆ ಉಳಿತಾಯ ಹನ್ನೊಂದು ಸಾವಿರದ ಒಳಗೆ. ಬೀಗ, ಚಿಲಕ, ಹಿಡಿಕೆಗಳ ಅಂಗಡಿಯಲ್ಲಿ ಅದು ಒಂದು ಮಧ್ಯಾಹ್ನ ಬಾಳುತ್ತದೆ. ಕರೆಂಟಿನವ ಪಾಯಿಂಟಿನ ಲೆಕ್ಕ ಹಿಡಿದು ಬಾಗಿಲಲ್ಲಿ ಕಾದಿರುತ್ತಾನೆ.

ಹಿಂದಿನವರು ಮನೆ ಕಟ್ಟಿದಾಗ ಚದರಡಿ ಯಾರು ಕೇಳಿದ್ದರು? ಬೆಟ್ಟದ ಹಲಸಿನ ಕಂಬ, ಅಲ್ಲೇ ತೆಗೆದ ಕೆಮ್ಮಣ್ಣು, ಊರಿನವರ ಮುರಿಯಾಳು. ಇವತ್ತು ನಮ್ಮ ಗೋಡೆಗೆ ನೀವು ಬಂದರೆ, ನಾಳೆ ನಿಮ್ಮ ಮಾಡಿಗೆ ನಾವು. ಬಜೆಟ್ಟು ಮೀರಿದರೆ ಊರಿನವರಿಗೆ ನಾಲ್ಕು ದಿನದ ಕೆಲಸ ಮಾಡಿಕೊಡುವುದು ಬಾಕಿ ಇರುತ್ತಿತ್ತು. ಬ್ಯಾಂಕಿನ ಕಂತು ಇರುತ್ತಿರಲಿಲ್ಲ. ಆ ಮನೆಗಳಲ್ಲಿ ಬೆಳಕು ಕಡಿಮೆ, ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ, ಎಲ್ಲ ಸರಿ. ಆದರೂ ಏಪ್ರಿಲ್ ಮಧ್ಯಾಹ್ನ ಹೊಸ ಸ್ಲ್ಯಾಬಿನಡಿ ಫ್ಯಾನು ಬಿಸಿಗಾಳಿ ಬೀಸುವಾಗ ಆ ಜಗಲಿಯ ತಂಪು ಯಾರಿಗೂ ನೆನಪಾಗದೆ ಇರುವುದಿಲ್ಲ.

ಇಡೀ ಕಟ್ಟಡದಲ್ಲಿ ಸರಿಯಾದ ಎಸ್ಟಿಮೇಟು ಕೊಡುವವರು ಒಬ್ಬರೇ, ಗೃಹಪ್ರವೇಶಕ್ಕೆ ಬರುವ ಅಡುಗೆ ಭಟ್ಟರು. ಎಷ್ಟು ಜನ ಎಂದು ಒಂದೇ ಮಾತು ಕೇಳಿ, ಕಣ್ಣುಮುಚ್ಚಿ ಪಟ್ಟಿ ಹೇಳುತ್ತಾರೆ. ಅಕ್ಕಿ, ಬೆಲ್ಲ, ಕಾಯಿ, ಬಾಳೆಲೆ, ಇಂಗು, ಕೊನೆಗೆ ಬೆಂಕಿಪೊಟ್ಟಣ ಎರಡು. ಊಟದ ಹೊತ್ತಿಗೆ "ಇನ್ನೊಂದು ಹತ್ತೇ ಕಾಯಿ" ಎಂಬ ಕೂಗು ಬರುವುದಿಲ್ಲ. ಮೊದಲ ಪಂಕ್ತಿಯಲ್ಲಿ ಹೊಸ ಪಂಚೆ ಉಟ್ಟು ಕೂತ ಮೇಸ್ತ್ರಿ, ಕಂಬಕ್ಕೆ ಅಂಟಿಸಿದ ಆ ಪಟ್ಟಿಯನ್ನು ಕಣ್ಣು ಕಿರಿದು ಮಾಡಿ ಓದಿ, ಬಡಿಸುವವನನ್ನು ನಿಲ್ಲಿಸಿ ಕೇಳುತ್ತಾನೆ: "ಪಾಯಸ ಇದ್ರಲ್ಲೇ ಬಂತೋ, ಎಕ್ಸ್ಟ್ರಾನೋ?"