ಐಓವೇಟ್ ಏರಿದರೆ ಅಲಾರಂ ಹೊಡೆಯಬೇಕೇ?

ಪರ

ಸರ್ವರ್ ನಿಧಾನವಾಗಿದೆ ಎಂದು ಫೋನ್ ಬಂದರೆ ಲಿನಕ್ಸ್ ಅಡ್ಮಿನ್ ಮೊದಲು ಟಾಪ್ ಕಮಾಂಡ್ ಹಾಕುತ್ತಾರೆ. ಸಿಪಿಯು ಸಾಲಿನಲ್ಲಿ ‘ಡಬ್ಲ್ಯುಎ’ ಎಂಬ ಅಂಕಿ ಇರುತ್ತದೆ. ಅದೇ ಐಓವೇಟ್, ಲೆಕ್ಕ ಶೇಕಡಾದಲ್ಲಿ. ಸಿಪಿಯು ಖಾಲಿ ಇದೆ, ಆದರೆ ಅದರಲ್ಲಿ ಓಡುತ್ತಿದ್ದ ಯಾವುದೋ ಪ್ರೋಗ್ರಾಂ ಡಿಸ್ಕ್ ಉತ್ತರ ಕೊಡಲಿ ಎಂದು ಮಲಗಿದೆ ಎಂದು ಅದರರ್ಥ. ದಿನವೂ 1–2ರ ಆಸುಪಾಸಿನಲ್ಲಿದ್ದ ಈ ಅಂಕಿ ಇವತ್ತು 40 ಆಗಿದ್ದರೆ ಏನೋ ಬದಲಾಗಿದೆ ಅಲ್ವಾ? ಕೋಡ್ ಕೆದಕುವ ಮೊದಲು ಸ್ಟೋರೇಜ್ ಕಡೆ ತಿರುಗಲು ಅಷ್ಟು ಸುಳಿವು ಸಾಕು.

ಕ್ಲೌಡ್‌ನಲ್ಲಂತೂ ಇದರ ಬೆಲೆ ಜಾಸ್ತಿ. ಅಮೆಜಾನ್‌ನ ಜಿಪಿ2 ಡಿಸ್ಕ್ ನೋಡಿ. 100 ಜಿಬಿ ಡಿಸ್ಕಿಗೆ ಖಾಯಂ ಆಗಿ ಸಿಗುವುದು ಸೆಕೆಂಡಿಗೆ 300 ಓದು-ಬರಹ ಮಾತ್ರ. ಕೂಡಿಟ್ಟ ಕ್ರೆಡಿಟ್ ಇರುವ ತನಕ ಅದು 3,000ದವರೆಗೂ ಓಡುತ್ತದೆ. ಕ್ರೆಡಿಟ್ ಪೂರ್ತಿ ತುಂಬಿದ್ದರೂ ಆ ವೇಗ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ, ಅಷ್ಟೇ. ಬ್ಯಾಕಪ್ ಶುರುವಾಗಿ ಅಷ್ಟು ಹೊತ್ತು ಚೆನ್ನಾಗಿ ನಡೆದು, ಆಮೇಲೆ ಎಲ್ಲವೂ ತೆವಳತೊಡಗುತ್ತದೆ. ಸಿಪಿಯು ಬಳಕೆಯ ಗ್ರಾಫ್ ನೋಡಿದರೆ ಎಲ್ಲ ಆರಾಮ. ಐಓವೇಟ್ ಗೆರೆ ಮಾತ್ರ ನೆಟ್ಟಗೆ ಮೇಲೆ ಹೋಗಿರುತ್ತದೆ. ಮೆಮೊರಿ ಸಾಲದೆ ಸ್ವಾಪ್ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಸಾಗಿಸುವುದು) ಶುರುವಾದಾಗಲೂ ಹೀಗೇ.

ಹೊಸ ಟೂಲ್ ಕೊಳ್ಳಬೇಕಿಲ್ಲ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಬ್ಬರೇ ಅಡ್ಮಿನ್ ಇರುವ ಸಣ್ಣ ಆಫೀಸಿಗೆ ಇದು ದೊಡ್ಡ ಆಸರೆ.

ವಿರೋಧ

ನನ್ನ ಒಲವು ಈ ಕಡೆಗೇ. ಐಓವೇಟ್ ಏರಿದ್ದನ್ನು ನೋಡಬಾರದು ಅಂತಲ್ಲ. ಅದು ಇಳಿದಿದೆ ಎಂದು ನೆಮ್ಮದಿಯಾಗಿ ಕೂರುವುದೇ ಅಪಾಯ.

ಐಓವೇಟ್ ಅಂದರೆ ಖಾಲಿ ಸಮಯದ್ದೇ ಒಂದು ಭಾಗ. ಡಿಸ್ಕ್‌ಗಾಗಿ ಡೇಟಾಬೇಸ್ ಕಾಯುತ್ತಿರುವಾಗಲೇ ಅದೇ ಸಿಪಿಯುನಲ್ಲಿ ವಿಡಿಯೊ ಕನ್ವರ್ಟ್ ಮಾಡುವ ಕೆಲಸ ಹಚ್ಚಿ. ಖಾಲಿ ಸಮಯವೇ ಉಳಿಯುವುದಿಲ್ಲ, ಐಓವೇಟ್ ಸೊನ್ನೆಯ ಹತ್ತಿರ ಬರುತ್ತದೆ. ಡಿಸ್ಕ್ ಎಷ್ಟು ನಿಧಾನವಿತ್ತೋ ಅಷ್ಟೇ ನಿಧಾನ. ಡೇಟಾಬೇಸ್ ಕಾಯುವುದೂ ತಪ್ಪಿಲ್ಲ. ಅಲಾರಂ ಮಾತ್ರ ನಿಂತುಹೋಯಿತು!

ಸರಾಸರಿಯ ತೊಂದರೆ ಬೇರೆ. 16 ಕೋರ್ ಇರುವ ಯಂತ್ರದಲ್ಲಿ ಒಂದೇ ಪ್ರೋಗ್ರಾಂ ಇಡೀ ಹೊತ್ತು ಡಿಸ್ಕ್‌ಗೆ ಕಾದರೆ ಒಟ್ಟು ಐಓವೇಟ್ 6ರ ಹತ್ತಿರ ನಿಲ್ಲುತ್ತದೆ. ಆ ಒಂದೇ ಪ್ರೋಗ್ರಾಂ ನಿಮ್ಮ ಬಿಲ್ಲಿಂಗ್ ಆಗಿದ್ದರೆ? ಈ ಅಂಕಿಯನ್ನು ನೆಚ್ಚಬೇಡಿ ಎಂದು ಲಿನಕ್ಸ್‌ನ ಕೈಪಿಡಿಯೇ ಹೇಳುತ್ತದೆ.

ಇನ್ನು 2023ರಲ್ಲಿ ಆದದ್ದು. ಆ ವರ್ಷ ಜುಲೈಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಪ್ರೋಗ್ರಾಂಗಳ ಓದು-ಬರಹದ ಬೇಡಿಕೆ ನೋಡಿಕೊಳ್ಳುವ ಐಓ-ಯೂರಿಂಗ್ ಭಾಗದಲ್ಲಿ ಒಂದು ಸಣ್ಣ ಬದಲಾವಣೆ ಬಂತು. ಕೆಲಸವಿಲ್ಲದೆ ಸುಮ್ನೆ ಕಾಯುತ್ತಿದ್ದ ಥ್ರೆಡ್ (ಪ್ರೋಗ್ರಾಂನ ಒಂದು ಎಳೆ) ಕೂಡ ಐಓವೇಟ್ ಲೆಕ್ಕಕ್ಕೆ ಸೇರತೊಡಗಿತು. ಮರಿಯಾಡಿಬಿ ಡೇಟಾಬೇಸ್ ಹಾಕಿದ ಯಂತ್ರಗಳಲ್ಲಿ ಡಿಸ್ಕ್ ಪೂರ್ತಿ ಬಿಡುವಾಗಿದ್ದರೂ ಒಂದು ಕೋರ್ ಐಓವೇಟ್‌ನಲ್ಲಿ 100 ತೋರಿಸಿತು. ಕಾರಣ ಹುಡುಕುವವರಿಗೆ ಹುಡುಕಲು ಏನೂ ಇರಲಿಲ್ಲ. ಅದೇ ವರ್ಷ ಅದನ್ನು ತಿದ್ದುವ ಪ್ಯಾಚ್ ಬಂತು.

ಹಾಗಾದರೆ ಏನು ನೋಡಬೇಕು? ಕಾಯುತ್ತಿರುವುದು ಸಿಪಿಯು ಅಲ್ಲ, ಪ್ರೋಗ್ರಾಂ. ಅದನ್ನೇ ಹಿಡಿಯಿರಿ. ಓಡುತ್ತಿರುವ ಪ್ರೋಗ್ರಾಂಗಳನ್ನು ಪಟ್ಟಿ ಮಾಡುವ ಪಿಎಸ್ ಕಮಾಂಡ್‌ನಲ್ಲಿ ‘ಡಿ’ ಸ್ಥಿತಿಯಲ್ಲಿ, ಅಂದರೆ ಎಬ್ಬಿಸಲಾಗದಂತೆ ಕಾಯುತ್ತಿರುವವು ಯಾವುವು ಎಂದು ನೋಡಿ. ಅವುಗಳ ಕರ್ನಲ್ ಸ್ಟ್ಯಾಕ್ (ಕರ್ನಲ್ ಒಳಗೆ ಯಾವ ಹೆಜ್ಜೆಯಲ್ಲಿವೆ ಎಂಬ ಪಟ್ಟಿ) ಓದಿದರೆ ಸಿಕ್ಕಿಬಿದ್ದದ್ದು ಎಲ್ಲಿ ಎಂದು ತಿಳಿಯುತ್ತದೆ. ಅಲ್ಲಿ ಎನ್ಎಫ್ಎಸ್ (ಬೇರೆ ಸರ್ವರ್‌ನ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ಹೆಸರು ಕಂಡರೆ ನಿಮ್ಮ ಡಿಸ್ಕ್ ನಿರಪರಾಧಿ. ನೆಟ್‌ವರ್ಕ್ ಇಲ್ಲವೇ ಆ ಕಡೆಯ ಸರ್ವರ್ ತಕರಾರು ಮಾಡುತ್ತಿದೆ. ಡಿಸ್ಕ್‌ನದ್ದೇ ಅನುಮಾನವಿದ್ದರೆ ಐಓಸ್ಟಾಟ್ ಕಮಾಂಡ್‌ನ ಅವೈಟ್ ಅಂಕಿಗಳಿವೆ: ಒಂದೊಂದು ಬೇಡಿಕೆಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಲೆಕ್ಕ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಅದರಲ್ಲಿ 10 ಕಂಡರೆ ಸಹಜ. ತಿರುಗುವ ಭಾಗವೇ ಇಲ್ಲದ ವೇಗದ ಎನ್‌ವಿಎಂಇ ಡಿಸ್ಕ್‌ನಲ್ಲಿ 10 ಕಂಡರೆ ಅಲಾರಂ ಹೊಡೆಯಲೇಬೇಕು.

2018ರ ಡಿಸೆಂಬರ್‌ನಲ್ಲಿ ಬಂದ 4.20 ಕರ್ನಲ್‌ನಿಂದ ಪಿಎಸ್ಐ ಎಂಬ ಅಳತೆಯೂ ಇದೆ. ಒಂದಾದರೂ ಕೆಲಸ ಐಓಗೆ (ಓದು-ಬರಹಕ್ಕೆ) ಸಿಕ್ಕಿಬಿದ್ದ ಸಮಯ ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. ಬೇರೆ ಕೆಲಸ ಸಿಪಿಯು ತುಂಬಿಸಿದರೂ ಈ ಅಂಕಿ ಮರೆಯಾಗುವುದಿಲ್ಲ. ಐಓ-ಯೂರಿಂಗ್‌ನಂಥ ಎಡವಟ್ಟು ಆದರೆ ಇದೂ ಮೋಸ ಹೋಗುತ್ತದೆ, ಅದಕ್ಕೇ ಅವೈಟ್ ಜೊತೆಗೇ ನೋಡಬೇಕು. ರೆಡ್‌ಹ್ಯಾಟ್ ಲಿನಕ್ಸ್ 8 ಮತ್ತು 9ರಲ್ಲಿ ಪಿಎಸ್ಐ ಆಫ್ ಆಗಿಯೇ ಬರುತ್ತದೆ. ಬೂಟ್ ಆಯ್ಕೆಗಳಲ್ಲಿ ಅದನ್ನು ಆನ್ ಮಾಡಿ ಯಂತ್ರ ರೀಬೂಟ್ ಮಾಡಬೇಕು.