ಕಸಿ ಮಾಡೋನು ಬರ್ತಾನೆ

ಹಾಲಿನ ಪ್ಯಾಕೆಟ್ ತರಲು ಗೇಟಿಗೆ ಹೋದರೆ ದಾಸವಾಳದ ಕೊಂಬೆಯೊಂದು ಮುಖಕ್ಕೆ ಬಾರಿಸಿತು. ಬರೀ ಬಾರಿಸಿದ್ದರೆ ಹೋಗಲಿ, ರಾತ್ರಿಯೆಲ್ಲ ಕೂಡಿಟ್ಟುಕೊಂಡಿದ್ದ ಇಬ್ಬನಿಯನ್ನು ಕನ್ನಡಕದ ಮೇಲೂ ಕುತ್ತಿಗೆಯೊಳಕ್ಕೂ ಸುರಿಯಿತು. ಚಿಕ್ಕಮಗಳೂರಿನ ಜನವರಿ, ಬೆಳಿಗ್ಗೆ ಆರೂವರೆ. ಆ ನೀರು ಬೆನ್ನಿನಲ್ಲಿ ಎಲ್ಲಿಯವರೆಗೆ ಇಳಿಯಿತು ಅಂತ ಬರೆಯುವುದಿಲ್ಲ. ಒಳಗೆ ಬಂದವಳೇ, "ಇವತ್ತು ಆ ಗಿಡ ಕತ್ತರಿಸ್ತೀನಿ" ಅಂದೆ.

"ಇವತ್ತು ಮಂಗಳವಾರ" ಅಂದರು ಅತ್ತೆ, ದೇವರ ಮನೆಯಿಂದ.

ಮಂಗಳವಾರ ಕ್ಷೌರದ ಅಂಗಡಿಗೂ ರಜೆ, ಗಿಡಕ್ಕೂ ರಜೆ. ಶುಕ್ರವಾರ ಲಕ್ಷ್ಮಿಯ ವಾರ, ಹೂವಿನ ಗಿಡಕ್ಕೆ ಕಬ್ಬಿಣ ಮುಟ್ಟಿಸುವಂತಿಲ್ಲ. ಅಮಾವಾಸ್ಯೆಯ ಮಾತೇ ಬೇಡ. ಸಂಕಷ್ಟಿಗೆ ಗಣಪತಿಗೆ ಕೆಂಪು ದಾಸವಾಳವೇ ಆಗಬೇಕು, ಆದ್ದರಿಂದ ಅದರ ಹಿಂದಿನ ವಾರವೂ ಹೋಯಿತು. ವಾರದ ಲೆಕ್ಕ ಹೀಗಾದರೆ ವರ್ಷದ ಲೆಕ್ಕ ಇನ್ನೂ ಚೆಂದ. ಧನುರ್ಮಾಸದಲ್ಲಿ ಬೆಳಗಿನ ಜಾವದ ಪೂಜೆಗೆ ಬುಟ್ಟಿ ತುಂಬ ಹೂ ಬೇಕು, ಮುಟ್ಟಬೇಡ. ಸಂಕ್ರಾಂತಿ ಆಯಿತಲ್ಲ ಅಂದರೆ ರಥಸಪ್ತಮಿ ಕಳೆಯಲಿ. ರಥಸಪ್ತಮಿ ಕಳೆದರೆ ಶಿವರಾತ್ರಿ ಆಗಲಿ, ಶಿವ ಶಿವ ಅಂತ ಚಳಿ ಹೋಗಲಿ. ಚಳಿ ಹೋದ ಮೇಲೆ ಬಿಸಿಲು, ಈಗ ಕತ್ತರಿಸಿದರೆ ಗಿಡ ಸುಟ್ಟುಹೋಗುತ್ತೆ. ಬಿಸಿಲು ಹೋದರೆ ಮಳೆ, ಕತ್ತರಿಸಿದ ಬಾಯಿಗೆ ನೀರು ಇಳಿದು ಕೊಳೆಯುತ್ತೆ. ಮಳೆ ಕಡಿಮೆಯಾಯಿತೋ, ವರಮಹಾಲಕ್ಷ್ಮಿ, ಗೌರಿ, ಗಣೇಶ, ನವರಾತ್ರಿ, ದೀಪಾವಳಿ, ಕಾರ್ತಿಕ ಸೋಮವಾರ. ಮತ್ತೆ ಧನುರ್ಮಾಸ. ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ, ನಮ್ಮನೆ ಪಂಚಾಂಗದಲ್ಲಿ ದಾಸವಾಳ ಕತ್ತರಿಸುವ ದಿನವೇ ಇಲ್ಲ.

ಇನ್ನು ನಮ್ಮನೆಯವರು. ಅವರಿಗೆ ಪಂಚಾಂಗದಲ್ಲಿ ನಂಬಿಕೆ ಇಲ್ಲ, ಯೂಟ್ಯೂಬಿನಲ್ಲಿದೆ. ನಾನು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಿರುವಾಗಲೇ ಪಕ್ಕದ ಕುರ್ಚಿಯಿಂದ ನನ್ನ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ಉಣ್ಣೆ ಟೋಪಿ ಹಾಕಿಕೊಂಡ ಇಂಗ್ಲೆಂಡಿನ ಮನುಷ್ಯ, ಬಾಯಿಂದ ಹೊಗೆ ಬಿಡುತ್ತಾ, ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡಗಳನ್ನು ಚಳಿಗಾಲದ ಕೊನೆಗೆ ಕತ್ತರಿಸಬೇಕು ಅಂತ ಹೇಳುತ್ತಿದ್ದ. ಆಗ ಗಿಡ ಮಲಗಿರುತ್ತದಂತೆ. ಮಲಗಿರಬಹುದು, ಅವನೂರಲ್ಲಿ. ನಮ್ಮ ಗೇಟಿನ ಗಿಡ ಮಲಗಿದ್ದರೆ ನನ್ನ ಮುಖಕ್ಕೆ ಹೊಡೆಯುತ್ತಿತ್ತೇ? ಅದು ಪುಷ್ಯದಲ್ಲೂ ಹೂ ಬಿಡುತ್ತೆ, ಆಷಾಢದಲ್ಲೂ ಬಿಡುತ್ತೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಅದು, ಆಮೇಲೆ ನಾನು.

"ಹೊರಮುಖವಾಗಿರೋ ಕಣ್ಣಿನಿಂದ ಕಾಲಿಂಚು ಮೇಲೆ, ನಲವತ್ತೈದು ಡಿಗ್ರಿ ಓರೆಯಾಗಿ ಕತ್ತರಿಸ್ಬೇಕು" ಅಂದರು ಇವರು. ಹುರುಳಿಕಾಯಿ ಹೆಚ್ಚಿಕೊಡಿ ಅಂದರೆ ಚಾಕು ಎಲ್ಲಿದೆ ಅಂತ ಕೇಳುವ ಮನುಷ್ಯ. ಡಿಗ್ರಿ ಲೆಕ್ಕ ಹೇಳುವವರು ಕತ್ತರಿ ಹಿಡಿದದ್ದನ್ನು ನಾನಿನ್ನೂ ನೋಡಬೇಕು.

ನಾನೇನು ತಪ್ಪೇ ಮಾಡದವಳಲ್ಲ. ಹಿತ್ತಲಲ್ಲಿ ಒಂದು ಹೈಡ್ರೇಂಜಿಯಾ ಇತ್ತು. ಮಲೆನಾಡಿನ ಹುಳಿ ಮಣ್ಣಿಗೆ ಅದು ನೀಲಿ ಬಿಡುತ್ತದೆ, ಮಳೆಗಾಲದಲ್ಲಿ ಆ ನೀಲಿ ಗೊಂಚಲು ನೋಡುವುದಕ್ಕೇ ನೆಂಟರು ಹಿತ್ತಲಿಗೆ ಹೋಗುತ್ತಿದ್ದರು. ಒಂದು ಜನವರಿಯಲ್ಲಿ ಇದೇ ರೀತಿಯ ವಿಡಿಯೋ ನಂಬಿ ಅದನ್ನು ಮೊಣಕಾಲುಮಟ್ಟಕ್ಕೆ ತಂದೆ. ಅದು ಹಳೇ ಕೊಂಬೆಯ ತುದಿಯಲ್ಲಿ ಮೊದಲೇ ಮೊಗ್ಗು ಕಟ್ಟಿಕೊಂಡು ಕೂರುವ ಜಾತಿಯದು. ಆ ವರ್ಷ ಸೊಂಪಾದ ಎಲೆ ಬಂತು, ಒಂದೇ ಒಂದು ಹೂ ಬರಲಿಲ್ಲ. ಅತ್ತೆ ಅದನ್ನು ಇವತ್ತಿಗೂ "ಆ ವರ್ಷ" ಅಂತಲೇ ಕರೆಯುತ್ತಾರೆ, ಬರಗಾಲವನ್ನು ನೆನೆಯುವ ಹಾಗೆ.

ದಾಸವಾಳಕ್ಕೆ ಒಂದೇ ಒಂದು ಸಲ ಕತ್ತರಿ ಬಿದ್ದಿದೆ. ಆ ಕಥೆ ಹೇಳಬೇಕು.

ನಾನು ಅರಸೀಕೆರೆ ಕಡೆಯವಳು. ತೆಂಗಿನ ಸೀಮೆ. ತೆಂಗಿಗೆ ಇರುವುದೊಂದೇ ಸುಳಿ, ಅದಕ್ಕೆ ಕತ್ತಿ ತಾಗಿಸಿದರೆ ಮರವೇ ಹೋಯಿತು. ಹಾಗಾಗಿ ಗಿಡ ಕತ್ತರಿಸುವುದು ಅನ್ನುವ ವಿದ್ಯೆ ನಮ್ಮ ಮನೆತನದಲ್ಲೇ ಇಲ್ಲ. ಮದುವೆಯಾಗಿ ಬಂದ ಮೊದಲ ವರ್ಷ, ಮಾಘ ಮಾಸ. ಆಗ ಮಾವ ಇದ್ದರು, ಅವರ ಮಾತಿಗೆ ಪಂಚಾಂಗವೂ ದಾರಿ ಬಿಡುತ್ತಿತ್ತು. "ಆಲ್ದೂರಿನ ತೋಟದಲ್ಲಿ ಕುಯ್ಲು ಮುಗೀತು. ನಾಳಿದ್ದು ಕಸಿ ಮಾಡೋನು ಬರ್ತಾನೆ, ದಾಸವಾಳಕ್ಕೂ ಒಂದು ಕೈ ಕಸಿ ಮಾಡಿಸಿಬಿಡೋಣ" ಅಂದರು.

ಕಸಿ! ಶಾಲೆಯ ಪುಸ್ತಕದಲ್ಲಿ ಓದಿದ್ದೆ. ಒಂದು ಗಿಡದ ಕಡ್ಡಿ ತಂದು ಇನ್ನೊಂದಕ್ಕೆ ಸೇರಿಸಿ ಕಟ್ಟುವುದು. ಕಸಿ ಮಾವು, ಕಣ್ಣು ಕಸಿ. ಒಂದೇ ಗಿಡದಲ್ಲಿ ಕೆಂಪೂ ಹಳದಿಯೂ ಅರಳುವುದು ಕಣ್ಣ ಮುಂದೆ ಬಂತು. ಹೊಸ ಸೊಸೆಯ ಉತ್ಸಾಹ ಬೇರೆ. ಎರಡು ಬೀದಿ ಆಚೆ ಹಳದಿ ದಾಸವಾಳವಿದ್ದ ಮನೆಗೆ ಹೋಗಿ, ಗುರುತು ಪರಿಚಯವಿಲ್ಲದವರ ಹತ್ತಿರ ಹಲ್ಲು ಗಿಂಜಿ, ಪೆನ್ಸಿಲ್ ದಪ್ಪದ ನಾಲ್ಕು ಕಡ್ಡಿ ತಂದೆ. ಒದ್ದೆ ಬಟ್ಟೆ ಸುತ್ತಿ ಬಚ್ಚಲಿನ ಮೂಲೆಯಲ್ಲಿಟ್ಟು ಎರಡು ದಿನ ಮಗುವಿನ ಹಾಗೆ ನೋಡಿಕೊಂಡೆ. ಯಾರಿಗೂ ಹೇಳಲಿಲ್ಲ. ಆಶ್ಚರ್ಯಪಡಿಸಬೇಕಲ್ಲ.

ಕಸಿಯವನು ಬಂದ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಕತ್ತರಿ. ಕಡ್ಡಿಗಳನ್ನು ಮುಂದಿಟ್ಟೆ.

"ಇದೇನಮ್ಮ, ನೆಡೋಕಾ?"

"ಅಲ್ಲಪ್ಪ, ಕಸಿಗೆ. ನಾಲ್ಕು ಸಾಕಾ?"

"ಕಸಿಗೆ ಕಡ್ಡಿ ಯಾಕಮ್ಮ? ಕತ್ತರಿ ಇದೆಯಲ್ಲ."

ಪಳಗಿದ ಕೈ, ತನ್ನದೇ ಕಡ್ಡಿ ತಂದಿರುತ್ತಾನೆ ಅಂದುಕೊಂಡು ಕಾಫಿ ಮಾಡಲು ಒಳಗೆ ಹೋದೆ. ಡಿಕಾಕ್ಷನ್ ಇಳಿಯುವಷ್ಟು ಹೊತ್ತು, ಅಷ್ಟೇ. ಲೋಟ ಹಿಡಿದು ಹೊರಗೆ ಬಂದರೆ ಗಿಡವೇ ಇಲ್ಲ! ಇತ್ತು, ಸೊಂಟದ ಕೆಳಗೆ. ಜವಳ ತೆಗೆಸಿದ ಮಗುವಿನ ತಲೆಯ ಹಾಗೆ. ಪಕ್ಕದಲ್ಲಿ ಆಳೆತ್ತರದ ಸೊಪ್ಪಿನ ರಾಶಿ, ಅದರಲ್ಲಿ ನಾಳೆ ಅರಳಬೇಕಿದ್ದ ಮೊಗ್ಗುಗಳು.

ಅವನು ದಾಸವಾಳವನ್ನು ಕಾಫಿ ಗಿಡದ ಹಾಗೆಯೇ ಕತ್ತರಿಸಿದ್ದ. ತಲೆ ತೆಗೆದಿದ್ದ, ನಡುಕಾಂಡದ ಸುತ್ತ ಅರ್ಧ ಅಡಿ ಬೋಳು ಮಾಡಿದ್ದ, ಒಂದರ ಮೇಲೊಂದು ಬಿದ್ದ ರೆಂಬೆಗಳನ್ನೆಲ್ಲ ಸವರಿದ್ದ. "ಒಳಗೆ ಬೆಳಕು ಬೀಳ್ಬೇಕಮ್ಮ" ಅಂದ, ಲೋಟ ತೆಗೆದುಕೊಳ್ಳುತ್ತಾ. ಕೆಲಸದಲ್ಲಿ ಒಂದು ಕೊಂಕು ತೆಗೆಯುವಂತಿರಲಿಲ್ಲ. ನಾನು ಮಾತ್ರ ಕಡ್ಡಿ ಹಿಡಿದುಕೊಂಡು ನಿಂತಿದ್ದೆ.

ಮಾವ ಜಗುಲಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮ್ಮ ಕಡೆ ಕಸಿ ಅಂದ್ರೆ ಕೂಡಿಸೋದು ಕಣಮ್ಮ, ನಮ್ಮ ಕಡೆ ಕಸಿ ಅಂದ್ರೆ ಕಳೆಯೋದು." ಮರದ ನೆರಳು ತೆಳುವು ಮಾಡಿದರೆ ಮರಗಸಿ, ಕಾಫಿ ಗಿಡ ಸವರಿದರೆ ಕಸಿ. ವಿಜಯಪುರದ ಕಡೆ ದ್ರಾಕ್ಷಿಯವರು ಇದನ್ನೇ ಚಾಟನಿ ಅನ್ನುತ್ತಾರೆ, ಏಪ್ರಿಲಿಗೊಂದು ಅಕ್ಟೋಬರಿಗೊಂದು. ಅಲ್ಲಿ ಸೊಸೆಯಾಗಿ ಹೋಗಿದ್ದರೆ ಬಹುಶಃ ತೆಂಗಿನಕಾಯಿ ತುರಿದು ಕೂತಿರುತ್ತಿದ್ದೆ.

ಅತ್ತೆ ನಗಲಿಲ್ಲ. ಎರಡು ತಿಂಗಳು ಪಕ್ಕದ ಮನೆಯ ಕಣಗಲೆಯಲ್ಲಿ ಪೂಜೆ ನಡೆಯಿತು. ಕಸಿಯವನು ಮಾತ್ರ ಹೋಗುವಾಗಲೇ ಹೇಳಿದ್ದ, "ಹೂಮಳೆ ಬೀಳ್ಲಿ ಅಮ್ಮ, ಎಲ್ಲಾ ಸರಿ ಹೋಗುತ್ತೆ." ಮಾರ್ಚಿನಲ್ಲಿ ಒಂದು ಸಂಜೆ ಒಂದಿಂಚು ಮಳೆ ಬಿತ್ತು. ಒಂಬತ್ತನೇ ದಿನಕ್ಕೆ ಆಲ್ದೂರಿನ ತೋಟ ಬೆಳ್ಳಗಾಯಿತು, ಬಸ್ಸಿನ ಕಿಟಕಿಗೆಲ್ಲ ಮಲ್ಲಿಗೆಯಂಥ ವಾಸನೆ. ಕಾಫಿ ಮೊಗ್ಗಿಗೆ ಕಾಯುವುದು ಗೊತ್ತು, ಮಳೆ ಬರುವವರೆಗೆ ತುಟಿ ಬಿಗಿದು ಕೂತಿರುತ್ತದೆ. ದಾಸವಾಳಕ್ಕೆ ಅಷ್ಟು ತಾಳ್ಮೆ ಎಲ್ಲಿ? ಮಳೆಗೆ ಮೊದಲೇ ಮೈತುಂಬ ಚಿಗುರಿತ್ತು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಎಷ್ಟು ಹೂ ಬಿಟ್ಟಿತೆಂದರೆ ಬೆಳಗಿನ ವಾಕಿಂಗಿನವರು ಕಾಂಪೌಂಡಿನ ಆಚೆಯಿಂದ ಕವರು ತುಂಬಿಕೊಂಡು ಹೋದ ಮೇಲೂ ಉಳಿಯುತ್ತಿತ್ತು. ಸಕ್ಕರೆ ಕಾಯಿಲೆಗೆ ನಡೆಯುವವರಿಗೆ ಊರವರ ಹೂವೇ ಯಾಕೆ ಬೇಕೋ. ಆ ಮಾತು ಬೇಡ, ಶುರುಮಾಡಿದರೆ ನಿಲ್ಲಿಸುವುದಿಲ್ಲ ನಾನು.

ಇಷ್ಟು ಚೆನ್ನಾಗಿ ಬಂದದ್ದನ್ನು ಕಣ್ಣಾರೆ ಕಂಡೂ ಅತ್ತೆ ಮತ್ತೆ ಕತ್ತರಿಗೆ ಒಪ್ಪಿಲ್ಲ. ಅವರಿಗೆ ನೆನಪಿರುವುದು ಆ ಎರಡು ತಿಂಗಳ ಕಣಗಲೆ.

ಹಳದಿ ಕಡ್ಡಿಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಸಿಟ್ಟಿನಲ್ಲಿ ಕೆಂಪು ಗಿಡದ ಬುಡದಲ್ಲೇ ಚುಚ್ಚಿದ್ದೆ. ಒಂದು ಹತ್ತಿತು. ಈಗ ಎರಡೂ ಒಂದರೊಳಗೊಂದು ಹೊಕ್ಕು, ಯಾವುದು ಯಾರ ಕೊಂಬೆ ಅಂತ ತಿಳಿಯದಷ್ಟು ಹೆಣೆದುಕೊಂಡಿವೆ. ಹೊಸಬರು, "ಅಯ್ಯೋ, ಒಂದೇ ಗಿಡದಲ್ಲಿ ಎರಡು ಬಣ್ಣ! ಕಸಿ ಮಾಡ್ಸಿದ್ರಾ?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ.

ಮಂಗಳವಾರ ಕಳೆಯಿತು. ಬುಧವಾರ ಸಂಜೆ ಅತ್ತೆ ದೇವಸ್ಥಾನಕ್ಕೆ ಹೋದ ಸಮಯ ನೋಡಿ, ಮಬ್ಬುಗತ್ತಲಲ್ಲಿ, ಅಡುಗೆಮನೆಯ ಕತ್ತರಿಯನ್ನೇ ಹಿಡಿದು ಹೋದೆ. ಗೇಟಿನ ಮೇಲೆ ಬಾಗಿದ್ದ ಕೊಂಬೆಯನ್ನು ಹಿಡಿದು ಕಚಕ್ ಅನ್ನಿಸಿದೆ. ಡಿಗ್ರಿ ನೋಡಲಿಲ್ಲ. ಅದರಲ್ಲಿ ಐದು ಮೊಗ್ಗಿದ್ದವು. ಎಸೆದರೆ ಸಿಕ್ಕಿಬೀಳುತ್ತೇನೆ, ಹಾಗಾಗಿ ಮೊಗ್ಗುಗಳನ್ನು ಕಿತ್ತು ಲೋಟಕ್ಕೆ ಹಾಕಿ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹಿಂದೆ ಇಟ್ಟೆ.

ಬೆಳಿಗ್ಗೆ ಏಳುವಷ್ಟರಲ್ಲಿ ಲೋಟ ದೇವರ ಮುಂದಿತ್ತು. ಐದೂ ಅರಳಿ ಗಣಪತಿಯ ಮೇಲೆ ಕೂತಿದ್ದವು, ಕೆಂಪಗೆ. ಅತ್ತೆ ಏನೂ ಕೇಳಲಿಲ್ಲ. ಅವರು ಕೇಳದಿದ್ದರೇ ನನಗೆ ಹೆಚ್ಚು ಹೆದರಿಕೆ.

ಹಾಲು ತರಲು ಗೇಟಿಗೆ ಹೋದೆ. ಪಟ್ಟನೆ ಮುಖಕ್ಕೆ ಬಿತ್ತು, ಇಬ್ಬನಿ ಸಮೇತ. ಕನ್ನಡಕ ಒರೆಸಿಕೊಂಡು ತಲೆಯೆತ್ತಿ ನೋಡಿದರೆ, ಕೊಂಬೆಯ ತುದಿಯಲ್ಲಿ ಹಳದಿ ಹೂ.