ಮುಳುಗಿದ ಮನೆಯ ಬಾವಿ ಎಲ್ಲಿತ್ತು?

ಅಪ್ಪಯ್ಯ ಫೋನ್ ಮಾಡಿದರೆ ಒಂದು ನಿಮಿಷ ದಾಟುವುದಿಲ್ಲ. "ಮಳೆ ಹೆಂಗಿದೆ ಅಲ್ಲಿ? ಊಟ ಆಯ್ತಾ? ಸರಿ, ಇಡ್ತೀನಿ." ನಾನು ಸಾಗರದ ಕಡೆಯ ನಮ್ಮ ಊರು ಬಿಟ್ಟು ಶಿವಮೊಗ್ಗಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ಈ ಮೂರು ಮಾತು ಬದಲಾಗಿಲ್ಲ.

ಮದುವೆ ಮುಗಿದು ನಾನು ಹೊರಡುವಾಗ ಎಲ್ಲರೂ ಅಳುತ್ತಿದ್ದರು. ಅಪ್ಪಯ್ಯ ತೋಟದಲ್ಲಿದ್ದರು. ಆ ಸಿಟ್ಟು ತುಂಬಾ ವರ್ಷ ಹೊಟ್ಟೆಯೊಳಗೇ ಇತ್ತು. ಒಂದು ಸಲ ತಡೆಯಲಾರದೆ ಕೇಳಿಬಿಟ್ಟೆ. "ಅಪ್ಪಯ್ಯ, ನಿಮಗೆ ನನ್ನ ಮೇಲೆ ಪ್ರೀತಿ ಇದೆಯಾ?" ದನಕ್ಕೆ ಹುಲ್ಲು ಹಾಕಬೇಕು ಅಂತ ಎದ್ದು ಹೋದರು. ಆಮೇಲೆ ಎರಡು ದಿನ ನನ್ನ ಜೊತೆ ಊಟಕ್ಕೂ ಕೂರಲಿಲ್ಲ.

ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆಯ ಕೆಲಸದ ಬಗ್ಗೆ ಓದಿದ್ದು ಆಮೇಲೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವರು ಒಂದು ವರ್ಷದ ಮಕ್ಕಳನ್ನು ಗಮನಿಸಿದ್ದರು. ತಾಯಿ ಸ್ವಲ್ಪ ಹೊತ್ತು ಕೋಣೆಯಿಂದ ಹೊರಗೆ ಹೋಗಿ ಮತ್ತೆ ಬರುತ್ತಾಳೆ. ಕೆಲವು ಮಕ್ಕಳು ಅಳುವುದೂ ಇಲ್ಲ, ತಾಯಿ ಬಂದರೆ ಹತ್ತಿರ ಹೋಗುವುದೂ ಇಲ್ಲ. ಸುಮ್ನೆ ಆಟಿಕೆ ಹಿಡಿದು ಕೂರುತ್ತವೆ. ನೋಡಿದವರಿಗೆ ಈ ಮಗುವಿಗೆ ಯಾರೂ ಬೇಡ ಅನ್ನಿಸುತ್ತದೆ. 1977ರಲ್ಲಿ ಬೇರೆ ಇಬ್ಬರು ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದು ನೋಡಿದರು. ಮೇಲೆ ಶಾಂತವಾಗಿದ್ದ ಮಗುವಿನ ಎದೆ ಒಳಗೆ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಅದನ್ನು ಓದುವಾಗ ನನಗೆ ಹುಲ್ಲಿನ ನೆಪ ಮಾಡಿ ಎದ್ದು ಹೋದ ಅಪ್ಪಯ್ಯನ ಬೆನ್ನು ಕಂಡಿತು.

ನಮ್ಮದು ಮುಳುಗಡೆ ಕುಟುಂಬ, ಅಣೆಕಟ್ಟೆಯ ನೀರಿಗೆ ಊರು ಬಿಟ್ಟುಕೊಟ್ಟು ಬಂದವರು. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯ ಊರುಗಳು ಖಾಲಿಯಾದಾಗ ಅಪ್ಪಯ್ಯನಿಗೆ ಏಳೆಂಟು ವರ್ಷ. ಮನೆ, ಗದ್ದೆ, ಆಡುವ ಜೊತೆಗಾರರು, ಎಲ್ಲ ಒಟ್ಟಿಗೆ ಹೋಯಿತು. ಆ ಹುಡುಗನನ್ನು ಕೂರಿಸಿಕೊಂಡು "ನಿನಗೆ ಹೇಗನ್ನಿಸ್ತಿದೆ ಮಗಾ" ಎಂದು ಕೇಳುವ ಪುರಸೊತ್ತು ಯಾರಿಗಿತ್ತು? ಹೊಸ ಜಾಗದಲ್ಲಿ ಕಾಡು ಕಡಿದು ಸೂರು ಕಟ್ಟಬೇಕಿತ್ತು. ಅವರ ಮೌನಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಯಾರೂ ಮಾತೇ ಕಲಿಸದ ಮನುಷ್ಯನ ಹತ್ತಿರ ಮಾತಿನ ಲೆಕ್ಕ ಕೇಳುತ್ತಿದ್ದೆ ಅನ್ನಿಸಿತು.

ಹೋದ ವರ್ಷ ಅಡಿಕೆ ಸುಲಿಯುವ ಹೊತ್ತಿಗೆ ರಜೆ ಹಾಕಿ ಹೋದೆ. ರಾತ್ರಿ ಜಗಲಿಯಲ್ಲಿ ಅವರ ಪಕ್ಕ ಮೆಟ್ಟುಗತ್ತಿ ಇಟ್ಟುಕೊಂಡು ಕೂತೆ. ಇಬ್ಬರ ಕಣ್ಣೂ ಅಡಿಕೆ ಮೇಲೆ. ಪ್ರೀತಿಯ ಸುದ್ದಿ ಎತ್ತಲಿಲ್ಲ. "ಹಳೇ ಮನೆ ಬಾವಿ ಯಾವ ಕಡೆಗಿತ್ತು ಅಪ್ಪಯ್ಯ?" ಎಂದೆ.

ಸ್ವಲ್ಪ ಹೊತ್ತು ಸಿಪ್ಪೆ ಬೀಳುವ ಸದ್ದು ಮಾತ್ರ. "ಮೂಡಲಿಗೆ. ಹಲಸಿನ ಮರದ ಬುಡದಲ್ಲಿ." ಆಮೇಲೆ ನಿಲ್ಲಿಸಲೇ ಇಲ್ಲ. ಬಾಗಿಲು, ತೊಲೆ ಕಿತ್ತು ಗಾಡಿಗೆ ಹೇರಿದ್ದು. ಹಿಂದೆ ಓಡಿ ಬಂದ ನಾಯಿ ಎಲ್ಲೋ ನಿಂತುಬಿಟ್ಟಿದ್ದು. ನಮ್ಮ ಕೊಟ್ಟಿಗೆಯ ಬಾಗಿಲು ಆ ಮನೆಯದೇ ಅಂತೆ! ಚಿಕ್ಕಂದಿನಿಂದ ಅದಕ್ಕೆ ಒರಗಿ ನಿಂತವಳು ನಾನು. ನನಗೆ ಗೊತ್ತೇ ಇರಲಿಲ್ಲ.

ಇಂಥವರನ್ನು ಎದುರು ಕೂರಿಸಿ ಮನಸ್ಸು ಬಿಚ್ಚು ಅನ್ನಬೇಡಿ. ಪಕ್ಕದಲ್ಲಿ ಕೂತು ಏನಾದರೂ ಕೆಲಸ ಮಾಡಿ. ಮನಸ್ಸಿನ ಬಗ್ಗೆ ಕೇಳುವ ಬದಲು ಬಾವಿ, ಮರ, ದನದ ಬಗ್ಗೆ ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಆದರೆ ಬೇಕಂತಲೇ ಮಾತು ಬಿಟ್ಟು ಮನೆಯವರನ್ನು ಹೆದರಿಸುವವರು ಇದ್ದಾರೆ. ಅದು ಬೇರೆ. ಅದನ್ನು ಸಹಿಸಿಕೊಳ್ಳಿ ಅಂತ ನಾನು ಯಾರಿಗೂ ಹೇಳಲಾರೆ. ಅಮ್ಮನ ಮಾತೂ ಇಲ್ಲಿ ಬರಬೇಕು. "ನಿಂಗೆ ಒಂದು ರಾತ್ರಿಲಿ ಸಿಕ್ತು. ನಾನು ನಲವತ್ತು ವರ್ಷ ಕಾದೆ" ಎಂದಳು. ಅವಳಿಗೆ ನೋವಾಗಿದೆ, ಅದು ನ್ಯಾಯವೇ. ಅರ್ಥ ಮಾಡಿಕೊಳ್ಳುವ ಕೆಲಸ ಎಲ್ಲ ಮನೆಗಳಲ್ಲೂ ಹೆಂಗಸರ ಪಾಲಿಗೇ ಯಾಕೆ ಬೀಳಬೇಕು? ಈಗ ಅಪ್ಪಯ್ಯನ ಹತ್ತಿರ ಮಾತಾಡುವಾಗ ಅಮ್ಮನನ್ನೂ ಜಗಲಿಗೆ ಕರೆಯುತ್ತೇನೆ.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ತೀರಾ ಇಳಿದರೆ ಅದರಲ್ಲಿ ಮುಳುಗಿರುವ ಮಡೆನೂರಿನ ಹಳೇ ಅಣೆಕಟ್ಟೆ ಹೊರಗೆ ಕಾಣುತ್ತದೆ. ಮೊನ್ನೆ ಫೋನಿನಲ್ಲಿ ಮಳೆ, ಊಟ ಎರಡೂ ಮುಗಿದವು. "ಇಡ್ತೀನಿ" ಬರಲಿಲ್ಲ.

"ಈ ಸಲ ನೀರು ಇಳಿದರೆ ಆ ಕಡೆ ಹೋಗಿ ಬರೋಣ. ನಿಮ್ಮ ಅಮ್ಮನೂ ಬರ್ತಾಳಂತೆ."